ಎಕಂಬಾದಲ್ಲೊಬ್ಬ ಅಂತರ್ಮುಖಿ

ಐವತ್ತರ ಹೊಸ್ತಿಲಿಗೆ ಬಂದ ಮನುಷ್ಯನಿಗೆ ತನ್ನ ರಕ್ತದ ಗುಂಪು ಗೊತ್ತಿರಬೇಕು, ಚಪ್ಪಲಿಯ ಅಳತೆ ಗೊತ್ತಿರಬೇಕು, ತಾನು ಯಾವ ಬಗೆಯ ಮನುಷ್ಯ ಎಂಬುದೂ ಗೊತ್ತಿರಬೇಕು. ಮೊದಲೆರಡು ನನಗೆ ಗೊತ್ತಿದ್ದವು. ಮೂರನೆಯದನ್ನೂ ತಿಳಿದುಕೊಂಡುಬಿಟ್ಟರೆ ಈ ಜನ್ಮದ ಕೆಲಸ ಒಂದು ಹಂತಕ್ಕೆ ಬಂದಂತೆ ಎಂದು ಪ್ರಾಮಾಣಿಕವಾಗಿ ನಂಬಿದೆ. ಯಾರ ಸಹಾಯವೂ ಇಲ್ಲದೆ, ಕೇವಲ ಆತ್ಮಾವಲೋಕನದಿಂದ, ಒಂದೇ ವಾರದೊಳಗೆ ತಿಳಿದುಕೊಂಡೆ ಕೂಡ. ಅದರ ಫಲವಾಗಿ ನನ್ನ ಹೆಂಡತಿಯ ತಮ್ಮನ ನಿಶ್ಚಿತಾರ್ಥ ಮುರಿಯುವುದೊಂದು ಬಾಕಿ ಇತ್ತು!

ಬೀದರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಅಲ್ಲಿಗೆ ಒಂದು ದಿನ ವ್ಯಕ್ತಿತ್ವ ವಿಕಾಸದ ಮೇಲೆ ಭಾಷಣ ಮಾಡಲು ಒಬ್ಬರು ಬಂದರು. ಕಪ್ಪು ಕೋಟು, ಕೈಯಲ್ಲಿ ಮೈಕು, ಒಂದು ಕಡೆ ನಿಲ್ಲದ ಕಾಲು. ಜಗತ್ತಿನ ಜನರನ್ನೆಲ್ಲ ಅವರು ಚಹಾ ಬರುವುದರೊಳಗೆ ಎರಡು ಪಾಲು ಮಾಡಿ ಮುಗಿಸಿದರು. ಬಹಿರ್ಮುಖಿಗೆ ಮಂದಿ ಬೇಕು, ಮಾತು ಬೇಕು. ಅಂತರ್ಮುಖಿಗೆ ಏಕಾಂತ ಬೇಕು, ಮೌನ ಬೇಕು. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಸುಮ್ಮನೆ ಮನೆಗೆ ಹೋಗಿ ಊಟ ಮಾಡಿ ಮಲಗುತ್ತಿದ್ದೆ. ಅವರು ನಿಲ್ಲಿಸಲಿಲ್ಲ.

"ಬಹಳ ಮಾತಾಡುವವರೆಲ್ಲ ಬಹಿರ್ಮುಖಿಗಳು ಅಂತ ತಿಳಿಯಬೇಡಿ! ಕೆಲವರು ತಮ್ಮೊಳಗಿನ ಮೌನವನ್ನು ಮುಚ್ಚಿಡುವುದಕ್ಕೇ ಮಾತಾಡುತ್ತಿರುತ್ತಾರೆ. ಅಂಥವರು ನಿಜವಾದ ಅಂತರ್ಮುಖಿಗಳು. ಪಾಪ, ಅವರಿಗೇ ಅದು ಗೊತ್ತಿರುವುದಿಲ್ಲ!"

ಈ ಮಾತು ಹೇಳುವಾಗ ಅವರು ನನ್ನನ್ನೇ ದಿಟ್ಟಿಸಿ ನೋಡಿದರು. ನನ್ನ ಎದೆ ಝಲ್ ಎಂದಿತು. ಅಷ್ಟು ಜನರ ನಡುವೆ ನನ್ನೊಬ್ಬನನ್ನು ಗುರುತಿಸಿದರಲ್ಲ! ಆಗ ನಾನು ಪಕ್ಕದ ಭೂಗೋಳದ ಉಪನ್ಯಾಸಕರ ಜೊತೆ ಜೋರಾಗಿ ಮಾತಾಡುತ್ತಿದ್ದೆ, ಅದಕ್ಕೆ ನೋಡಿದರು ಎಂದು ಆಮೇಲೆ ತಿಳಿಯಿತು. ಆದರೆ ಅಷ್ಟರಲ್ಲಿ ಹೊತ್ತು ಮೀರಿತ್ತು.

"ಇದಕ್ಕೆ ಯಾವ ಪರೀಕ್ಷೆಯೂ ಬೇಕಿಲ್ಲ. ಬೆಳಗ್ಗೆ ಒಬ್ಬರೇ ಕೂತು ನಿಮ್ಮನ್ನು ನೀವೇ ಕೇಳಿಕೊಳ್ಳಿ, ಸಾಕು" ಎಂದು ಹೇಳಿ ಅವರು ಹಾರ ಹಾಕಿಸಿಕೊಂಡು ಹೋದರು.

ಮರುದಿನ ಬೆಳಗ್ಗೆ ಮಾಳಿಗೆಯ ಮೇಲೆ ಚಾಪೆ ಹಾಸಿ ಕಣ್ಣು ಮುಚ್ಚಿ ಕೂತೆ. ನಾನು ಯಾರು? ಯಾವ ಬಗೆಯವನು? ಒಳಗಿನಿಂದ ಉತ್ತರ ಬಂತು: ನಲ್ಲಿ ಬಂದಿರಬೇಕು, ನೋಡು. ಎದ್ದು ನೋಡಿದೆ, ಬಂದಿರಲಿಲ್ಲ. ಮತ್ತೆ ಕೂತೆ. ಬಲಗಾಲು ತಾನಾಗಿಯೇ ಅಲುಗಾಡತೊಡಗಿತು. ಅದನ್ನು ಹಿಡಿದರೆ ಎಡಗಾಲು ಶುರುಮಾಡಿತು. ಎದುರು ಮನೆಯವರ ಸ್ಕೂಟರ್ ಸ್ಟಾರ್ಟ್ ಆಗದೆ ಗೊರಗೊರ ಅನ್ನುತ್ತಿತ್ತು. ಚೋಕ್ ಎಳೆಯಬೇಕು ಅಂತ ಮೇಲಿನಿಂದಲೇ ಕೂಗಿ ಹೇಳಿದೆ. ಪೇಪರ್ ಬಂತೇನೋ ಅಂತ ಕೆಳಗಿಳಿದೆ, ಪೇಪರಿನವನಿಗೆ ತಡವಾಗಿ ಬಂದದ್ದಕ್ಕೆ ಬುದ್ಧಿ ಹೇಳಿ ಮತ್ತೆ ಹತ್ತಿದೆ. ಹೀಗೆ ಒಂದು ಬೆಳಗಿನ ಆತ್ಮಾವಲೋಕನಕ್ಕೆ ನಾನು ಮಾಳಿಗೆಯ ಮೆಟ್ಟಿಲನ್ನು ಹತ್ತಿ ಇಳಿದದ್ದೇ ಆಯಿತು.

ಮನೆಯಲ್ಲಿ ಏಕಾಂತ ಸಿಗುವುದಿಲ್ಲ ಎಂದು ಮರುದಿನದಿಂದ ಕಿಲ್ಲಾದ ಕಡೆ, ಅಂದರೆ ಕೋಟೆಯ ಕಡೆ ವಾಕಿಂಗ್ ಹೊರಟೆ. ಅಲ್ಲಿ ಬೀದರಿನ ಅರ್ಧ ಊರೇ ಸಿಕ್ಕಿತು! ನಾನೇನು ಮಾಡಲಿ? ಸಿಕ್ಕವರನ್ನು ಬಿಟ್ಟು ಹೋಗುವುದು ಸಭ್ಯತೆಯಲ್ಲ. ಎಲ್ಲರ ಜೊತೆಗೂ ನಿಂತು ಮಾತಾಡಿದೆ. ಮನೆಗೆ ಬರುವಷ್ಟರಲ್ಲಿ ಸುಸ್ತಾಗಿ ಹೋಗಿದ್ದೆ. ಆಗಲೇ ನನಗೆ ಬೆಳಕಾಯಿತು. ಮಾತಾಡಿ ನನಗೆ ಸುಸ್ತಾಗುತ್ತಿದೆ! ಮಾತಾಡಿ ಸುಸ್ತಾಗುವವನು ಅಂತರ್ಮುಖಿಯಲ್ಲದೆ ಮತ್ಯಾರು?

ಈ ಶೋಧವನ್ನು ಮೊದಲು ನನ್ನ ಹೆಂಡತಿ ಶೋಭಾಳಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಕೈ ನಿಂತಿತು.

"ಏನಂದ್ರಿ? ಅಂತರ್ಮುಖಿ? ನೀವು? ನಿದ್ದಿಯೊಳಗ ಸುದ್ದಾ ಮಾತಾಡ್ತೀರಲ್ರಿ!"

"ಅದು ಒಳಗಿನ ಮೌನ ಮುಚ್ಚೋದಕ್ಕ."

"ನಿದ್ದಿಯೊಳಗ ಯಾರಿಂದ ಮುಚ್ತೀರಿ?"

ಇದಕ್ಕೆ ಭಾಷಣಕಾರರು ಉತ್ತರ ಹೇಳಿರಲಿಲ್ಲ. ಅಂತರ್ಮುಖಿಗಳು ವಾದಕ್ಕೆ ಇಳಿಯುವುದಿಲ್ಲ.

"ಏನಾರ ಆಗ್ರಿ," ಎಂದಳು ಶೋಭಾ. "ಆದ್ರ ಐತವಾರ ಎಕಂಬಾಕ್ಕ ಹೋಗೋದದ. ಅಲ್ಲಿ ಇದೆಲ್ಲಾ ಹಚ್ಕೋಬ್ಯಾಡ್ರಿ. ಕೈ ಮುಗಿದು ಹೇಳ್ಲತ್ತೇನಿ."

ಅವಳ ಆತಂಕಕ್ಕೆ ಕಾರಣವಿತ್ತು. ಅವಳ ತವರು ಭಾಲ್ಕಿ ತಾಲೂಕಿನ ಹಲಬರ್ಗಾ. ಒಬ್ಬನೇ ತಮ್ಮ, ನನ್ನನ್ನು ಮಾಮಾ ಎಂದು ಕರೆಯುವ ಸಂತೋಷ. ಭಾಲ್ಕಿಯಲ್ಲಿ ನೀರಿನ ಮೋಟಾರು ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಕೈ ಬಂಗಾರ, ಬಾಯಿಗೆ ಮಾತ್ರ ಬೀಗ. ಕನ್ಯೆ ನೋಡಲು ಹೋದಲ್ಲೆಲ್ಲ ತಲೆ ತಗ್ಗಿಸಿ ಕೂತು ಬರುತ್ತಿದ್ದ. ಹುಡುಗಿ ಕಡೆಯವರು "ಹುಡುಗನಿಗೆ ಮನಸಿಲ್ಲ ಕಾಣಸ್ತದ" ಎಂದು ಹಿಂದೆ ಸರಿಯುತ್ತಿದ್ದರು. ಹೀಗೆ ಸಂಬಂಧಗಳು ಒಂದೊಂದಾಗಿ ತಪ್ಪಿ ಅವನ ವಯಸ್ಸು ಮೂವತ್ತೈದು ದಾಟಿತ್ತು. ಅತ್ತೆಯವರು ದೇವರಿಗೆ ಹೊತ್ತ ಹರಕೆಗಳನ್ನು ದೇವರೇ ಮರೆತಿರಬೇಕು.

ಕೊನೆಗೆ ಔರಾದ ತಾಲೂಕಿನ ಎಕಂಬಾದ ಜ್ಯೋತಿ ಸಿಕ್ಕಳು. ನರ್ಸ್ ಕೆಲಸದ ಹುಡುಗಿ, ಮಾತು ಚುರುಕು. ಅವಳ ತಂದೆ ಮಾಣಿಕರಾವ್ ಒಕ್ಕಲುತನದವರು, ಮರಾಠಿ ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವರು. ಹುಡುಗ ಹುಡುಗಿ ಇಬ್ಬರೂ ಫೋನಿನಲ್ಲಿ ಮಾತಾಡಿ ಒಪ್ಪಿಕೊಂಡಿದ್ದರು. ಅಂದರೆ ಜ್ಯೋತಿ ಮಾತಾಡಿದ್ದಳು, ಸಂತೋಷ ಒಪ್ಪಿಕೊಂಡಿದ್ದ. "ಇದೂ ಮುರೀತಂದ್ರ ನಾ ಮತ್ತ ಕನ್ಯಾ ನೋಡೋದಿಲ್ಲವ್ವ" ಎಂದು ಅವನು ತಾಯಿಗೆ ಹೇಳಿದ್ದನಂತೆ. ಅವನು ಇಷ್ಟುದ್ದದ ವಾಕ್ಯ ಆಡಿದ್ದು ಕೇಳಿಯೇ ಅತ್ತೆಯವರು ಅತ್ತಿದ್ದರಂತೆ.

ಭಾನುವಾರ ನಿಶ್ಚಿತಾರ್ಥಕ್ಕೆಂದು ಹಲಬರ್ಗಾದಿಂದ ಎಲ್ಲರೂ ಬಾಡಿಗೆ ಜೀಪಿನಲ್ಲಿ ಬೀದರಿಗೆ ಬಂದು ನಮ್ಮನ್ನು ಹತ್ತಿಸಿಕೊಂಡರು. ಅತ್ತೆಯವರು, ಸಂತೋಷ, ಮತ್ತು ಸಾಯಗಾಂವದ ನನ್ನ ಷಡ್ಡಕ ಬಸವರಾಜ, ಅಂದರೆ ಶೋಭಾಳ ತಂಗಿಯ ಗಂಡ. ಮಾವನವರು ಇಲ್ಲದ ಮನೆಗೆ ನಾನೇ ಹಿರಿಯ ಅಳಿಯ. ಇಂಥ ಪ್ರಯಾಣದಲ್ಲಿ ಬೀದರ ದಾಟುವ ಮೊದಲೇ ನಾನು ಮಾತು ಶುರುಮಾಡಿದರೆ ಊರು ಮುಟ್ಟುವವರೆಗೆ ಡ್ರೈವರ್ ರೇಡಿಯೋ ಹಚ್ಚುವುದಿಲ್ಲ. ಅವತ್ತು ಕಿಟಕಿಯ ಹೊರಗೆ ತೊಗರಿ ಹೊಲ ನೋಡುತ್ತ, ಆಳವಾಗಿ ಉಸಿರಾಡುತ್ತ ಕೂತೆ.

"ಅಳಿಯಂದ್ರೇ, ತಬೇತ್ ಬರೋಬರ್ ಇಲ್ಲೇನ್ರಿ?" ಎಂದು ಅತ್ತೆ ನನ್ನ ಆರೋಗ್ಯ ವಿಚಾರಿಸಿದರು.

ಮೆಲ್ಲಗೆ ನಕ್ಕು ತಲೆ ಅಲ್ಲಾಡಿಸಿದೆ. ಅತ್ತೆಯವರು ಶೋಭಾಳ ಮುಖ ನೋಡಿದರು. ಶೋಭಾ ನನ್ನ ಮುಖ ನೋಡಿದಳು. ಡ್ರೈವರ್ ರೇಡಿಯೋ ಹಚ್ಚಿದ.

ಎಕಂಬಾದಲ್ಲಿ ಮಾಣಿಕರಾವ್ ಅವರ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಬಂಧುಬಳಗ ಕಿಕ್ಕಿರಿದು ಕೂತಿತ್ತು. ಮುಂದಿನ ಸಾಲಿನ ನಡುವಿನ ಕುರ್ಚಿ ನನಗೆಂದು ಬಿಟ್ಟಿದ್ದರು. ಗಂಡಿನ ಕಡೆಯಿಂದ ಮಾತಾಡಬೇಕಾದವನು ನಾನಲ್ಲವೇ? ನಾನು ಅದನ್ನು ದಾಟಿ, ಹಿಂದಿನ ಬೇವಿನ ಮರದ ಬುಡಕ್ಕೆ ಹೋಗಿ, ದನದ ಕೊಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕೂತೆ. ಎಮ್ಮೆಯೊಂದು ಮೆಲುಕು ಹಾಕುತ್ತಿತ್ತು. ನಿಜವಾದ ಅಂತರ್ಮುಖಿ ಅದೇ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಮಾಣಿಕರಾವ್ ಮರಾಠಿಯಲ್ಲೇ ಅಳಿಯನನ್ನು ಕರೆಯುತ್ತ ಓಡಿ ಬಂದರು. "ಜಾವಯಿ ಬಾಪು, ಇಲ್ಯಾಕ ಕುಂತ್ರಿ? ಮುಂದ ಬರ್ರಿ, ಮುಂದ ಬರ್ರಿ!"

"ಇರ್ಲಿ ಬಿಡ್ರಿ. ನಾ ಇಲ್ಲೇ ಆರಾಮ ಇದ್ದೇನಿ," ಎಂದೆ.

"ಚಹಾ?"

"ನಂಗೇನೂ ಬ್ಯಾಡ್ರಿ."

ಅವರ ಮುಖದ ಬಣ್ಣ ಇಳಿಯಿತು. ಹಿಂದಕ್ಕೆ ಸರಿದು ತಮ್ಮ ಅಣ್ಣತಮ್ಮಂದಿರ ಕಿವಿಯಲ್ಲಿ ಏನೋ ಹೇಳಿದರು. ನೋಡನೋಡುತ್ತ ಆ ಮಾತು ಶಾಮಿಯಾನದ ತುಂಬ ಹರಿದಾಡಿತು: "ದೊಡ್ಡ ಅಳಿಯಂದಿರು ರುಸ್ಕೊಂಡಾರ!"

ನಮ್ಮ ಕಡೆಯ ಲಗ್ನ ನೋಡದವರಿಗೆ ಇದನ್ನು ಬಿಡಿಸಿ ಹೇಳಬೇಕು. ಅಳಿಯನಿಗೆ ಮುನಿಸಿಕೊಳ್ಳುವ ಹಕ್ಕಿದೆ. ಅದಕ್ಕೆ ರುಸ್ಕೊಳ್ಳುವುದು ಅನ್ನುತ್ತಾರೆ. ಮಾನಮರ್ಯಾದೆಯಲ್ಲಿ ಎಲ್ಲೋ ಕೂದಲೆಳೆಯಷ್ಟು ಕಡಿಮೆಯಾದರೆ ಸಾಕು, ಅಳಿಯ ಎದ್ದು ಹೋಗಿ ಮೂಲೆಯಲ್ಲಿ ಕೂರುತ್ತಾನೆ. ಮಾತಾಡುವುದಿಲ್ಲ. ಏನಾಯಿತು ಎಂದರೆ ಏನಿಲ್ಲ ಅನ್ನುತ್ತಾನೆ. ಏನು ಬೇಕು ಎಂದರೆ ಏನೂ ಬ್ಯಾಡ ಅನ್ನುತ್ತಾನೆ. ಆಮೇಲೆ ಅವನನ್ನು ಒಲಿಸಬೇಕು. ಒಲಿಸುವವರೆಗೆ ಕಾರ್ಯ ಮುಂದುವರಿಯುವುದಿಲ್ಲ. ನಾನೇ ಎಷ್ಟೋ ಲಗ್ನಗಳಲ್ಲಿ ಮಾತಿನ ಬಲದಿಂದ ಇಂಥ ಅಳಿಯಂದಿರನ್ನು ಮೂಲೆಯಿಂದ ಎಬ್ಬಿಸಿ ತಂದವನು. ಅಂತರ್ಮುಖಿಯ ಲಕ್ಷಣಗಳೂ ಮುನಿದ ಅಳಿಯನ ಲಕ್ಷಣಗಳೂ ಒಂದೇ ಎಂದು ಭಾಷಣಕಾರರು ಯಾಕೆ ಹೇಳಲಿಲ್ಲವೋ!

ಮೊದಲು ಕೈ ಇರುವ ಕುರ್ಚಿ ಬಂತು. ಬ್ಯಾಡ್ರಿ ಎಂದೆ. ಫ್ಯಾನು ಬಂತು, ಬೇವಿನ ಗಾಳಿ ಸಾಕ್ರಿ ಎಂದೆ. ಉಂಡಿ ಚಕ್ಕುಲಿಯ ತಾಟು ಬಂತು. ಹಸಿವಾಗಿತ್ತು, ಆದರೆ ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರಿಂದ ತಿನ್ನಲಾಗಲಿಲ್ಲ. ಅದನ್ನೂ ಬ್ಯಾಡ ಎಂದೆ. ಮಾಣಿಕರಾವ್ ಹೊಸ ಟವೆಲು, ಟೊಪ್ಪಿಗೆ ತಂದರು. ಅವರ ಅಣ್ಣ ಶಾಲು ತಂದರು. ಇನ್ನೊಬ್ಬರು ಪ್ಯಾಂಟು ಶರ್ಟಿನ ಬಟ್ಟೆ ತಂದು, "ಬಣ್ಣ ಮನಸಿಗಿ ಬರ್ಲಿಲ್ಲಂದ್ರ ಬ್ಯಾರೆ ಅದ ನೋಡ್ರಿ" ಎಂದರು. ನಾನು ವಿನಯದಿಂದ ಬ್ಯಾಡ ಅಂದಷ್ಟೂ ಅವರ ಬೆವರು ಹೆಚ್ಚುತ್ತಿತ್ತು. ಇಷ್ಟು ಘನವಾಗಿ ಮುನಿದ ಅಳಿಯನನ್ನು ಎಕಂಬಾ ಕಂಡಿರಲಿಲ್ಲ.

ನಡುವೆ ನನ್ನ ಪರೀಕ್ಷೆಗೆಂದೇ ದೇವರು ಒಬ್ಬ ಮುದುಕರನ್ನು ಪಕ್ಕದಲ್ಲಿ ಕೂರಿಸಿದ್ದ. ಅವರು ಇನ್ನೊಬ್ಬರಿಗೆ, "ಬೀದರ್ ಕಿಲ್ಲಾ ಕಟ್ಟಿದ್ದು ಅಂಗ್ರೇಜಿ ಮಂದಿ" ಎಂದು ಹೇಳುತ್ತಿದ್ದರು. ನನ್ನ ಗಂಟಲಲ್ಲಿ ಬಹಮನಿ ಸುಲ್ತಾನರು ಸಾಲುಗಟ್ಟಿ ನಿಂತರು! ಎರಡೂ ಕಾಲು ಒಟ್ಟಿಗೆ ಅಲುಗಾಡತೊಡಗಿದವು. ಕೈ ಹಿಸುಕಿಕೊಂಡೆ. ನಾಲಿಗೆ ಕಚ್ಚಿದೆ. ಮುಖ ಕೆಂಪಾಯಿತು. ದೂರದಿಂದ ಯಾರೋ, "ಸಿಟ್ಟು ಏರ್ಲತ್ತಾದ ನೋಡ್ರಿ" ಎಂದರು.

ಶೋಭಾ ಸೆರಗು ಸಿಕ್ಕಿಸಿಕೊಂಡು ಬಂದಳು. "ಎದ್ದೇಳ್ರಿ! ಎಲ್ಲಾರೂ ನೀವು ರುಸ್ಕೊಂಡೀರಿ ಅಂತ ತಿಳ್ಕೊಂಡಾರ."

"ನಾ ರುಸ್ಕೊಂಡಿಲ್ಲ."

"ರುಸ್ಕೊಂಡೋರು ಹಂಗೇ ಅಂತಾರ!"

"ಅಯ್ಯ, ನಾ ಅಂತರ್ಮುಖಿ ಇದ್ದೇನಿ ಅಂತ ನಿನಗ ಗೊತ್ತದ ಅಲ್ಲ?"

"ಅವರಿಗಿ ಗೊತ್ತದೇನ್ರಿ? ಬೀದರದಾಗ ಇರೋ ಅವರ ಬಳಗದೋರು ಒಬ್ರು ನಿಮಗ ಬಲ್ಲರಂತ. ಈ ಮನುಷ್ಯಾ ಬಾಯಿ ಮುಚ್ಚಿದ್ದು ನಾ ಯಾವತ್ತೂ ನೋಡಿಲ್ಲ, ಏನೋ ಭಾಳ ದೊಡ್ಡ ಭಾನಗಡಿ ಅದ ಅಂತ ಹೇಳ್ಲತ್ತಾರ. ಹುಡುಗನ ಬಗ್ಗಿ ಏನೋ ಮುಚ್ಚಿಟ್ಟಾರಂತ ಮಾತು ಎದ್ದದ. ಅವ್ವ ಒಳಗ ಅಳ್ಲತ್ತಾಳ!"

ಆಗ ನಾನು ಶಾಮಿಯಾನದ ಕಡೆ ಸರಿಯಾಗಿ ನೋಡಿದೆ. ಹೆಣ್ಣಿನ ಕಡೆಯ ಹಿರಿಯರು ಗುಂಪು ಗುಂಪಾಗಿ ಗುಸುಗುಸು ನಡೆಸಿದ್ದರು. ಕಾರ್ಯ ಮಾಡಿಸಲು ಬಂದ ಅಯ್ಯನವರು ಗಡಿಯಾರ ನೋಡಿ, "ಮುಹೂರ್ತ ಮೀರ್ಲತ್ತಾದ್ರಿ" ಎನ್ನುತ್ತಿದ್ದರು. ಹೊಸ ಅಂಗಿ ತೊಟ್ಟ ಸಂತೋಷ ಮಣೆಯ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ಅವನ ಕಿವಿ ಕೆಂಪಗಾಗಿದ್ದವು. ಏಳಬೇಕೆಂದು ಕುರ್ಚಿಗೆ ಕೈ ಊರಿದೆ. ಅಷ್ಟರಲ್ಲಿ ಮಾಣಿಕರಾವ್ ಬಂದು, ತಮ್ಮ ಬೆರಳಿನ ಉಂಗುರವನ್ನು ತಿರುವಿ ತಿರುವಿ ಕಳಚತೊಡಗಿದರು.

"ಇದಾರ ಇಟ್ಕೋರಿ, ಬಾಪು. ಪೋರಿ ಬಾಳಿನ ಮಾತದ."

ನಾನು ಭೂಮಿಗಿಳಿದು ಹೋದೆ. ಬಾಯಿ ತೆರೆದೆ. ಇಷ್ಟು ಹೊತ್ತು ಕಟ್ಟಿಟ್ಟ ಮಾತೆಲ್ಲ ಒಮ್ಮೆಲೇ ಬಾಗಿಲಿಗೆ ಬಂದು ಸಿಕ್ಕಿಹಾಕಿಕೊಂಡು ಒಂದೂ ಹೊರಗೆ ಬರಲಿಲ್ಲ! ಬರೀ ಎರಡೂ ಕೈ ಆಡಿಸಿದೆ. ಉಂಗುರವೂ ಸಾಲದು ಎಂದು ಮಂದಿ ತಿಳಿದರು. ಹೆಂಗಸರಲ್ಲಿ ಹಾಹಾಕಾರವೆದ್ದಿತು.

ಆಗ ಒಳಗಿನಿಂದ ಜ್ಯೋತಿ ಬಂದಳು. ಮೈತುಂಬ ಹೊಸ ಸೀರೆ, ಕಣ್ಣಂಚಿನಲ್ಲಿ ನೀರು. ತಂದೆಯ ಕೈ ಹಿಡಿದು ಉಂಗುರವನ್ನು ಮತ್ತೆ ಬೆರಳಿಗೆ ಒತ್ತಿ, ನೇರ ನನ್ನ ಮುಂದೆ ನಿಂತಳು.

"ಮಾಮಾ, ನಾ ನಿಮಗ ಮನಸಿಗಿ ಬಂದಿಲ್ಲೇನ್ರಿ? ಇಲ್ಲಂದ್ರ ಇಲ್ಲ ಅಂತ ಬಾಯಿಬಿಟ್ಟು ಹೇಳ್ರಿ. ನಮ್ಮಪ್ಪಗ ಹಿಂಗ ಕೈಮುಗಿಸಬ್ಯಾಡ್ರಿ."

ನಾಚಿಕೆಯಿಂದ ನನ್ನ ಮೈ ಹಿಡಿಯಾಯಿತು. ಈ ಹುಡುಗಿಗೆ ನಾನೆಂಥ ಗತಿ ತಂದಿಟ್ಟೆ! ಮಾತು ಒಡೆದು ಹೊರಬಂತು.

"ಅಯ್ಯೋ ನಮ್ಮವ್ವ, ಇಲ್ಲವ್ವ! ನಿನ್ನಂಥ ಹುಡುಗಿ ದೀಪ ಹಿಡಿದ್ರೂ ಸಿಗಂಗಿಲ್ಲ! ನಾ ರುಸ್ಕೊಂಡಿಲ್ಲ, ನಾ ಅಂತರ್ಮುಖಿ ಇದ್ದೇನಿ!"

"ಹಂಗಂದ್ರ?" ಎಂದರು ಮಾಣಿಕರಾವ್, ಇನ್ನಷ್ಟು ಗಾಬರಿಯಾಗಿ. "ಅದಕ್ಕ ದವಾ ಅದೇನ್ರಿ?"

ಇಲ್ಲಿಗೆ ನಿಲ್ಲಿಸಿ ಮುಂದಿನ ಕುರ್ಚಿಗೆ ಹೋಗಿ ಕೂತಿದ್ದರೆ ಎಲ್ಲವೂ ನೆಟ್ಟಗಾಗುತ್ತಿತ್ತು. ಆದರೆ ಒಬ್ಬ ಶಿಕ್ಷಕನಿಗೆ ಪ್ರಶ್ನೆ ಕೇಳಿದ್ದರು! ಕುರ್ಚಿಯ ಬೆನ್ನು ಹಿಡಿದು ನಿಂತು ವಿವರಿಸತೊಡಗಿದೆ. ಮನುಷ್ಯರಲ್ಲಿ ಎರಡು ಬಗೆ. ಹೊರಗಿನ ಮಾತು, ಒಳಗಿನ ಮೌನ. ಉದಾಹರಣೆ ಬೇಕಲ್ಲ? ಮಾಣಿಕರಾವ್ ಬಹಿರ್ಮುಖಿ ಎಂದೆ. ಅಯ್ಯನವರು ಸಂದರ್ಭಕ್ಕೆ ತಕ್ಕಂತೆ ಎರಡೂ ಎಂದೆ. ಅಯ್ಯನವರು ಮುಖ ಸಿಂಡರಿಸಿದರು. ಇನ್ನೂ ಚೆನ್ನಾಗಿ ತಿಳಿಯಲಿ ಎಂದು ಕೈ ಚಾಚಿ ವರನನ್ನೇ ತೋರಿಸಿದೆ.

"ನಮ್ಮ ಸಂತೋಷ ನೋಡ್ರಿ. ಪಕ್ಕಾ ಅಂತರ್ಮುಖಿ! ಮನಸಿನೊಳಗ ಏನೇನಿರ್ತದೋ, ಒಂದೂ ಹೊರಗ ಬರಂಗಿಲ್ಲ!"

ಶೋಭಾ ಹಣೆ ಚಚ್ಚಿಕೊಂಡಳು. "ಮನಸಿನೊಳಗ ಏನದ ಹಂಗಾರ?" ಎಂದು ಹೆಣ್ಣಿನ ಕಡೆಯ ಹಿರಿಯರೊಬ್ಬರು ಎದ್ದು ನಿಂತರು. "ನಾ ಅಂದಿದ್ದಿಲ್ಲ? ಏನೋ ಮುಚ್ಚಿಟ್ಟಾರ!" ಎಂದು ಇನ್ನೊಬ್ಬರೆದ್ದರು. ಕುರ್ಚಿಗಳು ಸರಿದಾಡಿದವು. ನಾನು "ಹಂಗಲ್ರಿ, ಹಂಗಲ್ರಿ" ಎಂದು ಮತ್ತೂ ವಿವರಿಸಲು ಹೋದೆ. ನನ್ನ ಒಂದೊಂದು ವಿವರಣೆಗೂ ಒಬ್ಬೊಬ್ಬರು ಏಳುತ್ತಿದ್ದರು!

ಜ್ಯೋತಿ ಸಂತೋಷನ ಕಡೆ ತಿರುಗಿದಳು. "ನಿಮ್ಮ ಮನಸಿನಾಗ ಏನಾರ ಅದೇನ್ರಿ? ಈಗೇ ಹೇಳ್ರಿ, ಎಲ್ಲಾರ ಮುಂದ."

ಆ ಹುಡುಗ ಇಷ್ಟು ವರ್ಷ ಇದೇ ಜಾಗದಲ್ಲಿ, ಇದೇ ಪ್ರಶ್ನೆಯ ಮುಂದೆ ಸುಮ್ಮನಿದ್ದು ಸೋತು ಬಂದವನು. ಅವನು ತಲೆ ಎತ್ತಿದ. ಅವಳನ್ನು ನೋಡಿದ. ಗಂಟಲು ಸರಿಮಾಡಿಕೊಂಡ.

"ಅದ," ಎಂದ. "ನಂಗ ನಿಮ್ಮನ್ನೇ ಲಗ್ನ ಆಗಬೇಕು ಅಂತದ. ಮೊದಲ ಯಾರಾರ ನಮ್ಮ ಮಾಮಾಗ ಬಾಯಿ ಮುಚ್ಚಸ್ರಿ!"

ಜ್ಯೋತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಮಾಣಿಕರಾವ್ ನಕ್ಕರು. ಅತ್ತೆಯವರು ನಗುತ್ತ ಅಳುತ್ತ ಒಳಗಿನಿಂದ ಓಡಿ ಬಂದು ಮಗನ ಬೆನ್ನು ಸವರಿದರು. ಇಡೀ ಶಾಮಿಯಾನ ನಗೆಯಲ್ಲಿ ಅಲುಗಾಡಿತು. ಅಯ್ಯನವರು ಆ ಸಂದಿಯಲ್ಲೇ ಮಂತ್ರ ಶುರುಮಾಡಿಬಿಟ್ಟರು. ನಿಶ್ಚಿತಾರ್ಥ ನಡೆಯಿತು. ಸಂತೋಷನ ಮುಖದಲ್ಲಿ ಬಿದ್ದ ಬೆಳಕು ನೋಡಿ ನನ್ನ ಕಣ್ಣೂ ಒದ್ದೆಯಾದವು.

ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಮಾನ ಒಂದಿಷ್ಟು ಉಳಿಯುತ್ತಿತ್ತು.

ಊಟಕ್ಕೆ ಮೊದಲು ಆಹೇರಿ, ಅಂದರೆ ಬೀಗರಿಗೆ ಬಟ್ಟೆ ಕೊಟ್ಟು ಮರ್ಯಾದೆ ಮಾಡುವುದು, ಶುರುವಾಯಿತು. ನಾನು ಕೂದಲು ಸರಿಮಾಡಿಕೊಂಡು, ಟೊಪ್ಪಿಗೆಗೆ ಅನುಕೂಲವಾಗಲಿ ಎಂದು ತಲೆಯನ್ನು ತುಸು ಮುಂದೆ ಬಾಗಿಸಿ ಕೂತೆ. ಮಾಣಿಕರಾವ್ ನನ್ನೆದುರು ಬಂದರು. ಎರಡೂ ಕೈ ಜೋಡಿಸಿದರು. "ಬಾಪು, ನಿಮಗ ಇದೆಲ್ಲಾ ಬ್ಯಾಡ ಅಂತ ತಿಳೀತ್ರಿ. ನೀವು ದೊಡ್ಡ ಮಂದಿ, ಅಂತರ್ಮುಖಿ ಇದ್ದೀರಿ" ಎಂದು ಭಕ್ತಿಯಿಂದ ನಮಸ್ಕರಿಸಿ ಮುಂದೆ ಸರಿದರು. ಟವೆಲು, ಟೊಪ್ಪಿಗೆ, ಶಾಲು, ಪ್ಯಾಂಟು ಶರ್ಟಿನ ಬಟ್ಟೆ, ಅಷ್ಟೂ ಪಕ್ಕದಲ್ಲಿದ್ದ ಬಸವರಾಜನ ಮಡಿಲಿಗೆ ಬಿದ್ದವು. ಕಿರಿಯ ಅಳಿಯನಿಗೆ! ಅವನು ಶಾಲು ಹೊದ್ದು, ಟೊಪ್ಪಿಗೆ ಹಾಕಿಕೊಂಡು, ಫೋಟೋ ತೆಗೆಸಿಕೊಂಡ. ಆ ಶಾಲಿನ ಬಣ್ಣ ನನಗೆ ಒಪ್ಪುತ್ತಿತ್ತು.

ಎದ್ದೆ. ಬೇವಿನ ಮರದ ಬುಡಕ್ಕೆ ಹೋಗಿ ಎಮ್ಮೆಯ ಪಕ್ಕದ ಅದೇ ಕುರ್ಚಿಯಲ್ಲಿ ಕೂತೆ. ಮುಖ ಕೊಟ್ಟಿಗೆಯ ಗೋಡೆಯ ಕಡೆ ಮಾಡಿದೆ. ಯಾರಾದರೂ ಬರಲಿ, ಕೇಳಲಿ ಎಂದು ಕಾದೆ. ಯಾರೂ ಬರಲಿಲ್ಲ. ಕೆಮ್ಮಿದೆ. ಕುರ್ಚಿಯನ್ನು ಸದ್ದು ಮಾಡಿ ಸರಿಸಿದೆ. ಅತ್ತೆಯವರು ಎದ್ದು ಬರುವುದು ಕಂಡಿತು, ನನ್ನ ಮುಖ ಇನ್ನಷ್ಟು ಊದಿಸಿಕೊಂಡೆ.

"ಬಿಡವ್ವ," ಎಂದು ಶೋಭಾ ಅವರನ್ನು ತಡೆದಳು. "ಅವರದು ಸ್ವಭಾವನೇ ಹಂಗ. ಸುಮ್ನ ಕುಂದ್ರಲಿ."

ಪಂಕ್ತಿ ಕೂತಿತು. ಹೋಳಿಗೆಯ ವಾಸನೆ ಬಂತು. ಬಡಿಸುವವರು ನನ್ನ ಹತ್ತಿರ ಬಂದಾಗ ಒಬ್ಬರು ತುಟಿಯ ಮೇಲೆ ಬೆರಳಿಟ್ಟರು. ಅವರು ನನ್ನ ಧ್ಯಾನ ಕೆಡಬಾರದೆಂದು ಹೆಜ್ಜೆಯ ಸದ್ದೂ ಆಗದಂತೆ ಮುಂದೆ ಹೋದರು.

ಮಾಳಿಗೆ ಹತ್ತಿ ಇಳಿದರೂ, ಕಿಲ್ಲಾದ ಕಡೆ ನಡೆದರೂ ತಿಳಿಯದ ಸತ್ಯ ಗೋಡೆ ನೋಡುತ್ತ ಕೂತ ನನಗೆ ಆಗ ತಿಳಿಯಿತು. ನಾನು ಅಂತರ್ಮುಖಿಯಲ್ಲ. ಬಹಿರ್ಮುಖಿಯೂ ಅಲ್ಲ. ನಾನು ಅಳಿಯ! ಶಾಲಿಗಾಗಿ ಹೊಟ್ಟೆ ಉರಿಸಿಕೊಳ್ಳುವ, ಯಾರಾದರೂ ಬಂದು ರಮಿಸಲಿ ಎಂದು ಮೂಲೆಯಲ್ಲಿ ಕೂರುವ, ಅಪ್ಪಟ ನಮ್ಮ ಕಡೆಯ ಅಳಿಯ!

ಇನ್ನು ತಡೆಯಲಾಗಲಿಲ್ಲ. ಎದ್ದು ನಿಂತು, ಇಡೀ ಪಂಕ್ತಿಗೆ ಕೇಳುವಂತೆ ಕೂಗಿದೆ: "ನಾ ಈಗ ಖರೇನೇ ರುಸ್ಕೊಂಡೇನ್ರಿ! ಯಾರಾರ ಬಂದು ಒಲಸ್ರಿ!"

ಎಲ್ಲರೂ ಬೆಚ್ಚಿ ತಲೆ ಎತ್ತಿದರು. ಮಾಣಿಕರಾವ್ ಹೋಳಿಗೆಯ ಕೈಯಿಂದಲೇ ಚಪ್ಪಾಳೆ ತಟ್ಟಿದರು.

"ಬಾಪು ಭಾಳ ಮಶ್ಕಿರಿ ಮಾಡ್ತಾರಪ್ಪ! ನಿಮಗ ಈಗ ಆರಾಮ ಆಯ್ತು ನೋಡ್ರಿ!"

ಪಂಕ್ತಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಶಾಲು ಹೊದ್ದ ಬಸವರಾಜ ಎಲ್ಲರಿಗಿಂತ ಜೋರಾಗಿ ನಕ್ಕ. ನಾನೇ ಕುರ್ಚಿ ಎತ್ತಿಕೊಂಡು ಹೋಗಿ ಪಂಕ್ತಿಯ ಕೊನೆಯಲ್ಲಿ ಹಾಕಿಕೊಂಡು ಕೂತೆ. ಹೋಳಿಗೆ ಮುಗಿದಿತ್ತು.